ಒತ್ತಿದರೆ ಹೋಗುವುದಿಲ್ಲ

ಮೊದಲು ಬಂದದ್ದು ವಾಸನೆ.
ಚಿಂತಾಮಣಿಯ ಪುರಿಭಟ್ಟಿಗಳ ದಾರಿಯಲ್ಲಿ
ಮರಳು ಕಾದ ವಾಸನೆ ಯಾವತ್ತೂ ಇದ್ದದ್ದೇ;
ಅದೇ ಇರಬೇಕೆಂದು ಗಾಜು ಏರಿಸಿಕೊಂಡೆ.
ಊರು ದಾಟಿದರೂ ಬಿಡಲಿಲ್ಲ,
ಭಟ್ಟಿ ನನ್ನ ಜೊತೆಗೇ ಬರುತ್ತಿತ್ತು.

ಇಳಿದು, ಮಗುವಿನ ಜ್ವರ ನೋಡುವಂತೆ
ಹಿಂಗೈಯಲ್ಲಿ ನಾಲ್ಕೂ ಚಕ್ರ ಮುಟ್ಟಿದೆ.
ಮೂರು ಬೆಚ್ಚಗೆ.
ಹಿಂದಿನ ಎಡಗಡೆಯದು
ಕೈ ತಾಗುವ ಮುಂಚೆಯೇ ಕೈಯನ್ನು ತಳ್ಳಿತು.

ಚೇಳೂರು ರಸ್ತೆಯ ಇನಾಯತ್ ಸಾಬರ ಷೆಡ್ಡು.
ಟೊಮ್ಯಾಟೊ ಕ್ರೇಟು ಕವುಚಿ ನನ್ನನ್ನು ಕೂರಿಸಿದರು.
ಚಲಪತಿ ಎಂಬ ಹುಡುಗ ಚಕ್ರ ಬಿಚ್ಚಿ
ಎರಡು ಪ್ಯಾಡು ತಂದು ತೋರಿಸಿದ:
ಒಂದು, ಆಗತಾನೇ ಕಾಗದ ಬಿಚ್ಚಿದ ಸೋಪು;
ಇನ್ನೊಂದು, ಬಚ್ಚಲ ಕಿಟಕಿಯಲ್ಲಿ ಉಳಿಯುವ ಚೂರು.

"ಎಷ್ಟು ದಿನ ನಿಂತಿತ್ತಮ್ಮಾ ಗಾಡಿ?"
"ಹನ್ನೊಂದು ತಿಂಗಳು."
"ಹ್ಯಾಂಡ್‌ಬ್ರೇಕ್ ಎಳೆದೇ ಬಿಟ್ಟಿದ್ರಾ?"

ಎಳೆದೇ ಬಿಟ್ಟಿದ್ದೆ.
ಇಪ್ಪತ್ತೊಂಬತ್ತು ವರ್ಷ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಲ್ಲಿ
ಬೇರೆಯವರ ತೂಕ ಬರೆದು
ನಿವೃತ್ತಿಯ ದುಡ್ಡಲ್ಲಿ ಹಳೇ ಸ್ಕೋಡಾ ಕೊಂಡವಳು ನಾನು.
ಅಂಬಾಜಿದುರ್ಗದ ಏರಿನಲ್ಲಿ ಒಮ್ಮೆ ಹಿಂದಕ್ಕೆ ಜಾರಿತು.
ಯಾರಿಗೂ ಏನೂ ಆಗಲಿಲ್ಲ,
ಎಳನೀರಿನವನ ಸೈಕಲ್ಲು ಬಿತ್ತು, ಅಷ್ಟೆ.
ಆದರೆ ಆ ಕಾಯಿಗಳು ಇಳಿಜಾರಲ್ಲಿ ಉರುಳಿದ ಸದ್ದು,
ಒಂದೊಂದೇ, ಒಂದೊಂದೇ,
ಮುಗಿಯಿತು ಅನ್ನುವಾಗ ಇನ್ನೊಂದು.
ಮನೆಗೆ ಬಂದು ಆ ಹಿಡಿಯನ್ನು ಕಡೇ ಕಟಕ್ಕಿನವರೆಗೂ ಎಳೆದು
ಕೀಲಿಕೈಯನ್ನು ಹುರುಳಿ ಡಬ್ಬಿಯಲ್ಲಿ ಹೂತಿಟ್ಟೆ.

ಇವತ್ತು ಯಾಕೆ ತೆಗೆದೆ ಅಂದರೆ
ಹುರುಳಿ ಮುಗಿದಿತ್ತು.

ಚಲಪತಿ ಕ್ಲ್ಯಾಂಪು ಹಾಕಿ ಪಿಸ್ಟನ್ ಒತ್ತಿದ.
ಕತ್ತಿನ ನರ ಉಬ್ಬುವಷ್ಟು ಒತ್ತಿದ.
ಎಮ್ಮೆ ಏಳದ ಹಾಗೆ ಕೂತಿತ್ತು ಅದು.
"ಲೇ, ಮುಂದಿನ ಚಕ್ರದ್ದಲ್ಲ ಕಣೋ ಇದು.
ಒಳಗೆ ಮರೆ ಇದೆ, ಸ್ಕ್ರೂ ಇದ್ದಂಗೆ.
ಒತ್ತಿದ್ರೆ ಹೋಗಲ್ಲ.
ತಿರುಗಿಸ್ತಾ, ತಿರುಗಿಸ್ತಾ ಒತ್ತಬೇಕು."
ಮೊದಲು ಎಡಕ್ಕೆ ತಿರುಗಿಸಿ ಹೊರಗೆ ತೆಗೆದರು.
ಬರಲಾರೆ ಬರಲಾರೆ ಎಂದು ಕಿರುಗುಟ್ಟುತ್ತಾ ಬಂತು,
ನಡುವಿಗೊಂದು ತುಕ್ಕಿನ ಉಡಿದಾರ.

"ನಾನು ಹೆದರಿ ಎಳೆದದ್ದಕ್ಕೇ ಅಲ್ವಾ, ಸಾಬ್ರೇ,
ಹಿಡಿದದ್ದನ್ನ ಬಿಡೋದೇ ಮರೆತುಬಿಟ್ಟಿದೆ?"
"ಹೆದರಿಕೆ ಗಿದರಿಕೆ ಏನಿಲ್ಲಮ್ಮಾ.
ರಬ್ಬರು ಹರಿದು ನೀರು ಹೋಗಿದೆ."
ಇಷ್ಟು ದೊಡ್ಡ ಕತೆ ತಕ್ಕಡಿಗಿಟ್ಟರೆ
ಛಟಾಕಿನಷ್ಟೂ ಕೊಳ್ಳಲಿಲ್ಲ ಆತ.

ಝೀರೋ ನಂಬರಿನ ಕಾಗದದಲ್ಲಿ ಉಜ್ಜಿ, ಒರೆಸಿ
ನನ್ನ ಅಂಗೈಲಿಟ್ಟರು, ನೋಡಿ ಎಂದು.
ಕಾಫಿ ಲೋಟಕ್ಕಿಂತ ಚಿಕ್ಕದು.
ಕೈ ತಾನಾಗಿ ತೂಗಿತು: ಕಾಲು ಕೇಜಿ ಇಲ್ಲ.
ಇಷ್ಟಕ್ಕೆ
ಅಷ್ಟು ದೊಡ್ಡ ಗಾಡಿ ಬೆಂದದ್ದು.

ಹೊಸ ಸೀಲು, ಹೊಸ ರಬ್ಬರು, ಬಲಕ್ಕೆ ತಿರುವು,
ಹೋಯಿತು ಒಳಕ್ಕೆ, ಬಾವಿಗೆ ಬಿಂದಿಗೆ ಇಳಿದಂತೆ.

ಹುಡುಗ ಊಟಕ್ಕೆ ಹೋಗಿದ್ದ.
"ನೀವೇ ಕೂತ್ಕೊಳ್ಳಿ, ಗಾಳಿ ತೆಗೀಬೇಕು" ಎಂದರು.
ಆತ ಚಕ್ರದ ಹತ್ತಿರ, ನಾನು ಸ್ಟೀರಿಂಗಿನ ಹಿಂದೆ,
ಒಬ್ಬರಿಗೊಬ್ಬರು ಕಾಣುವುದಿಲ್ಲ.
ಒತ್ತಿ.
ಹಿಡೀರಿ.
ಹಿಡೀರಿ ಹಿಡೀರಿ.
ಬಿಡಿ.
ಒತ್ತಿ.
ಸೀಸೆಯಲ್ಲಿ ಗುಳ್ಳೆಗಳು ಏಳುತ್ತಿವೆಯಂತೆ.
ಹದಿನಾಲ್ಕನೇ ಸಲಕ್ಕೋ ಏನೋ
ಮೆತ್ತಗಿದ್ದ ಪೆಡಲು ಕಾಲಡಿಯಲ್ಲಿ ಗಟ್ಟಿಯಾಯಿತು.

ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಬರೆದುಕೊಟ್ಟರು.
ಹಳೇ ಚಾಳಿ, ಕೂಡಿ ನೋಡಿದೆ;
ನಲವತ್ತು ರೂಪಾಯಿ ಕಮ್ಮಿ ಹಾಕಿಕೊಂಡಿದ್ದರು.
ಹೇಳಿದೆ. ನಕ್ಕರು.
"ಮಟ್ಟಸ ಜಾಗದಲ್ಲಿ ಹ್ಯಾಂಡ್‌ಬ್ರೇಕು ಬೇಡಮ್ಮಾ.
ಗೇರಲ್ಲಿ ನಿಲ್ಸಿ, ಚಕ್ರಕ್ಕೊಂದು ಅಡ್ಡ ಕೊಡಿ."
ಉಂಡು ಬಂದ ಚಲಪತಿ, ಕೈ ಒರೆಸಿಕೊಳ್ಳುತ್ತಾ,
ಅರ್ಧ ಇಟ್ಟಿಗೆ ತಂದು ಡಿಕ್ಕಿಯಲ್ಲಿ ಹಾಕಿದ.

ವಾಪಸು ಬರುವಾಗ
ತಿರುವು ಬಂದಾಗಲೆಲ್ಲ ಹಿಂದೆ ಅದು ಉರುಳುತ್ತದೆ,
ಈ ಕಡೆಯಿಂದ ಆ ಕಡೆಗೆ,
ಎಳನೀರು ಉರುಳಿದ ಹಾಗೆಯೇ.

ನಾನು ನಿಲ್ಲಿಸಲಿಲ್ಲ.